ಡಬ್ಬಿ ತೆರೆದು ನೋಡ್ರಿ

ನಿಪ್ಪಾಣಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸಂಜೆ ಆರಾಯಿತೆಂದರೆ ಗಾಡಿಗಳ ಒಲೆ ಹೊತ್ತುತ್ತವೆ. ಬಾಣಲೆಗೆ ಸೌಟು ಬಡಿಯುವ ಸದ್ದು, ಸುಟ್ಟ ಸೋಯಾ ಸಾಸಿನ ವಾಸನೆ. ಕಳೆದ ತಿಂಗಳು ಅಲ್ಲೊಂದು ಗಾಡಿಯಲ್ಲಿ ‘ಚಿಕನ್ ನೂಡಲ್ಸ್’ ಹೇಳಿದೆ. ತಟ್ಟೆ ಕೈಗೆ ಬಂದ ಮೇಲೆ ಒಂದು ಹುಚ್ಚು ಕೆಲಸಕ್ಕೆ ಇಳಿದೆ, ಚಿಕನ್ ಎಣಿಸತೊಡಗಿದೆ. ಹುಣಸೆಬೀಜದಷ್ಟು ತುಣುಕು ಏಳು ಸಿಕ್ಕವು. ಎಂಟನೆಯದು ಅಂದುಕೊಂಡದ್ದು ಕ್ಯಾಬೇಜಿನ ದಂಟು. ಪಕ್ಕದಲ್ಲಿ ಶಾಲೆಯ ಯೂನಿಫಾರ್ಮಿನಲ್ಲೇ ನಿಂತ ಹುಡುಗನೊಬ್ಬ ಅಂಥದ್ದೇ ತಟ್ಟೆಯನ್ನು ಬಳಿದು ತಿನ್ನುತ್ತಿದ್ದ. ಅವನಪ್ಪ ನನ್ನ ಕಡೆ ನೋಡಿ ಹೆಮ್ಮೆಯಿಂದ ಅಂದ: “ವಾರಕ್ಕೊಮ್ಮೆ ಚಿಕನ್ ತಿನ್ನಸೂದು ತಪ್ಪಸಂಗಿಲ್ರಿ ಇವಂಗ.”

ಆ ಮಾತು ಇನ್ನೂ ಕಿವಿಯಿಂದ ಹೋಗಲೊಲ್ಲದು. ಆ ಅಪ್ಪ ಸುಳ್ಳು ಹೇಳಲಿಲ್ಲ. ಮಗನಿಗೆ ಒಳ್ಳೆಯದನ್ನೇ ಉಣಿಸುತ್ತಿದ್ದೇನೆ ಎಂದು ನಂಬಿದ್ದಾನೆ. ಅವನ ಆ ನಂಬಿಕೆಯನ್ನು ನಾವು ತಿಳಿದವರು, ಓದಿದವರು, ಊರ ಹಿರಿಯರು ಅನ್ನಿಸಿಕೊಂಡವರು ಒಮ್ಮೆಯೂ ತಿದ್ದಲಿಲ್ಲ. ಅದಕ್ಕೇ ಈ ಪತ್ರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕಿನ ನನ್ನ ಜನರಿಗೆ.

ಮೊದಲು ಲೆಕ್ಕ ಮಾಡೋಣ. ಅಂಗಡಿಯಲ್ಲಿ ಸಿಗುವ ಎಪ್ಪತ್ತು ಗ್ರಾಮಿನ ದಿಢೀರ್ ನೂಡಲ್ಸ್ ಪಾಕೀಟಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿವೆ, ಕನ್ನಡಕ ಹಾಕಿಕೊಂಡು ಓದಿ. ಕಂಪನಿಯಿಂದ ಕಂಪನಿಗೆ ತುಸು ಹೆಚ್ಚುಕಡಿಮೆ ಇರಬಹುದು. ಪ್ರೋಟೀನ್ ಐದಾರು ಗ್ರಾಂ. ಕೊಬ್ಬು ಹತ್ತು ಗ್ರಾಂ ಆಸುಪಾಸು, ಯಾಕೆಂದರೆ ಆ ಎಳೆಗಳನ್ನು ಒಣಗಿಸುವುದೇ ಎಣ್ಣೆಯಲ್ಲಿ ಕರಿದು. ಸೋಡಿಯಂ ಸುಮಾರು 800 ಮಿಲಿಗ್ರಾಂ. ದೊಡ್ಡವರಿಗೇ ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಂಟು ವರ್ಷದ ಕೂಸು ಒಂದೇ ಪಾಕೀಟಿನಲ್ಲಿ ಅದರ ಐದರಲ್ಲಿ ಎರಡು ಪಾಲು ಮುಗಿಸುತ್ತದೆ. ಉಳಿದದ್ದು ಬಹುಪಾಲು ಮೈದಾ.

ಈಗ ಕೋಳಿ. ಬೇಯಿಸಿದ ಎದೆಯ ಭಾಗ, ಎಲುಬಿಲ್ಲದ ನೂರು ಗ್ರಾಮಿನಲ್ಲಿ ಪ್ರೋಟೀನ್ ಮೂವತ್ತು ಗ್ರಾಂ ದಾಟುತ್ತದೆ, ಕೊಬ್ಬು ನಾಲ್ಕು ಗ್ರಾಮೂ ಇಲ್ಲ. ನಮ್ಮ ಮನೆಗಳಲ್ಲಿ ಯಾವ ಹುಡುಗನಿಗೂ ನೂರು ಗ್ರಾಂ ಎದೆಯ ಖಂಡ ಬಡಿಸುವುದಿಲ್ಲ ಬಿಡಿ. ಸಾರಿನಲ್ಲಿ ತೇಲುವ ಎರಡು ತುಣುಕು, ಎಲುಬು ತೆಗೆದು ಐವತ್ತು ಗ್ರಾಂ ಅನ್ನಿ. ಅಷ್ಟಾದರೂ ಹನ್ನೆರಡು ಹದಿಮೂರು ಗ್ರಾಂ ಪ್ರೋಟೀನ್ ಆಯಿತು. ಏಳರಿಂದ ಒಂಬತ್ತು ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 23 ಗ್ರಾಂ, ಇದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಎರಡು ತುಣುಕಿಗೆ ಅರ್ಧ ದಿನದ ಬಾಕಿ ತೀರಿತು. ಮೇಲಾಗಿ ಗೋಧಿಯ ಪ್ರೋಟೀನಿನಲ್ಲಿ ಲೈಸೀನ್ ಅನ್ನುವ ಅಂಶ ಕಡಿಮೆ, ಕೋಳಿಯಲ್ಲಿ ಧಾರಾಳ. ಬಿ12 ಕೋಳಿಯಲ್ಲುಂಟು, ಮೈದಾದಲ್ಲಿ ಹುಡುಕಿದರೂ ಸಿಗದು.

ಕೋಳಿಗೆ ನಾನು ವಕೀಲಿಕೆ ಮಾಡಲು ಬಂದಿಲ್ಲ. ಅದರಲ್ಲಿ ನಾರಿಲ್ಲ, ಜೊತೆಗೆ ರೊಟ್ಟಿ-ಸೊಪ್ಪು ಬೇಕೇ ಬೇಕು. ಗಾಡಿಯ ಮೇಲಿನ ಕೆಂಪು ಕಬಾಬು ಅಂತೂ ಬೇರೆಯೇ ಕಥೆ. 2024ರಲ್ಲಿ ಸರ್ಕಾರ ಮೊದಲು ಗೋಬಿ ಮಂಚೂರಿಗೆ, ಮೂರು ತಿಂಗಳಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕಕೂಡದೆಂದು ಆದೇಶ ಮಾಡಬೇಕಾಯಿತು. (ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಚುಚ್ಚುತ್ತಾರೆ ಎಂಬ ಕಟ್ಟೆಪುರಾಣವನ್ನು ದಯವಿಟ್ಟು ಬಿಡಿ. ಅದು ಬೇಗ ಬೆಳೆಯುವುದು ತಳಿಯಿಂದ, ಮೇವಿನಿಂದ. ಕಾಳಜಿ ಮಾಡಬೇಕಾದದ್ದು ಮೇವಿನ ಜೊತೆ ಹೋಗುವ ಆಂಟಿಬಯೋಟಿಕ್ಕಿನ ಬಗ್ಗೆ.)

ಪಾಕೀಟಿನ ನೂಡಲ್ಸಿನ ಹುಟ್ಟಿನಲ್ಲೇ ಕೋಳಿಯ ಹೆಸರಿದೆ, ಗೊತ್ತೇ? 1958ರ ಆಗಸ್ಟಿನಲ್ಲಿ ಜಪಾನಿನ ಮೊಮೊಫುಕು ಆಂಡೊ ಮಾರುಕಟ್ಟೆಗೆ ತಂದ ಜಗತ್ತಿನ ಮೊದಲ ದಿಢೀರ್ ನೂಡಲ್ಸಿನ ಹೆಸರು ‘ಚಿಕಿನ್ ರಾಮೆನ್’. ಹಸಿವು ಕಂಡ ದೇಶದಲ್ಲಿ ಬಿಸಿನೀರು ಹೊಯ್ದರೆ ಸಾಕು, ಊಟ ಸಿದ್ಧ. ಆಂಡೊನನ್ನು ನಾನು ಬೈಯಲಾರೆ. 1983ರಲ್ಲಿ ಮ್ಯಾಗಿ ನಮ್ಮ ದೇಶಕ್ಕೆ ಬಂದಾಗ ‘ಎರಡು ನಿಮಿಷ’ ಎಂಬ ಮಾತೂ ಜೊತೆಗೆ ಬಂತು. ನಾವು ಕೊಂಡದ್ದು ಆ ಎರಡು ನಿಮಿಷವನ್ನು.

ಅದನ್ನು ಕೊಂಡವರು ಯಾರು, ಹೇಳುತ್ತೇನೆ. ನಿಪ್ಪಾಣಿಯ ಒಂದು ಓಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳ ಮನೆ ಕಟ್ಟೆಯ ಮೇಲೆ ಕೂತಿದ್ದೆ. ಮಡಿಲಲ್ಲಿ ಮೊರ, ಮೊರದಲ್ಲಿ ತೊಯಿಸಿ ಕತ್ತರಿಸಿದ ಎಲೆ. ಮಾತಾಡುವಾಗಲೂ ಬೆರಳು ನಿಲ್ಲುತ್ತಿರಲಿಲ್ಲ. ಎಲೆ ಸುತ್ತಿ, ತುದಿ ಒತ್ತಿ, ದಾರ ಬಿಗಿದು ಒಂದರ ಮೇಲೊಂದು ಎಸೆಯುತ್ತಿದ್ದಳು. “ಸಾವಿರ ಕಟ್ಟಿದ್ರ ರೊಕ್ಕ. ಅದ್ರಾಗೂ ಛಾಟ್ ಅಂತ ಒಂದಿಷ್ಟು ತಗದ್ ಒಗೀತಾರ. ರೊಟ್ಟಿ ಬಡಿಯಾಕ ಕುಂತ್ರ ಇನ್ನೂರು ಬೀಡಿ ಹೋದ್ವು ಅಂತ ತಿಳೀರಿ” ಅಂದಳು. ಅಷ್ಟರಲ್ಲಿ ಮಗಳು ಸಾಲಿಯಿಂದ ಬಂದಳು. ಹೆಗಲ ಚೀಲ ಇಳಿಸಲೂ ಇಲ್ಲ, ಐದು ರೂಪಾಯಿಯ ನೂಡಲ್ಸ್ ಪಾಕೀಟನ್ನು ಅಂಗೈಯಲ್ಲಿ ಕರಕರ ಪುಡಿ ಮಾಡಿ, ಮಸಾಲೆ ಚೀಟಿ ಹರಿದು ಒಳಗೆ ಸುರಿದು, ಬಾಯಿ ಒತ್ತಿಹಿಡಿದು ಕುಲುಕಿ, ಹಸಿಯದ್ದನ್ನೇ ಬಾಯಿಗೆ ಸುರಿದುಕೊಂಡಳು. ಆ ಎರಡು ನಿಮಿಷವೂ ಅವರ ಮನೆಯಲ್ಲಿ ಇರಲಿಲ್ಲ.

ಹಾಗಾಗಿ ತಾಯಂದಿರಿಗೆ ಉಪದೇಶ ಮಾಡುವವರು ಈ ಪತ್ರವನ್ನು ಇಲ್ಲೇ ಮಡಚಿಡಬಹುದು. ನನ್ನ ತಕರಾರು ಬೇರೆಯವರ ಮೇಲೆ, ನನ್ನನ್ನೂ ಸೇರಿಸಿ.

ನಾವು ಎಂಥ ನೆಲದ ಮೇಲೆ ಕೂತಿದ್ದೇವೆ ಯೋಚಿಸಿ. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ಸೀಮೆ. ಹೆಸರಲ್ಲೇ ಹಾಲಿರುವ ಹೊಳೆ! ಹಿತ್ತಲಲ್ಲಿ ಎಮ್ಮೆ, ಅಥಣಿ-ಕಾಗವಾಡದಲ್ಲಿ ದ್ರಾಕ್ಷಿ, ಎಲ್ಲಿ ನೋಡಿದರೂ ಕಬ್ಬು. ಬೆಳಿಗ್ಗೆ ಹಾಲು ಡೇರಿಗೆ ಹೋಗುತ್ತದೆ, ಮನೆಯ ಮಗುವಿಗೆ ಚಹಾದೊಳಗಿನ ಎರಡು ಚಮಚ ಉಳಿಯುತ್ತದೆ. ಜವಾರಿ ಕೋಳಿಯನ್ನು ಒಳ್ಳೆ ರೇಟಿಗೆ ಇಚಲಕರಂಜಿಗೋ ಮೀರಜಿಗೋ ಮಾರಿ, ಅದೇ ರೊಕ್ಕದಲ್ಲಿ ಪಾಕೀಟಿನ ಮಾಲೆ ತಂದು ಅಂಗಡಿಯ ಬಾಗಿಲಿಗೆ ತೂಗುಹಾಕುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಮೂವತ್ತೈದು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಅರವತ್ತೈದು ಮಂದಿಗೆ ರಕ್ತಹೀನತೆ. ಅದೆಲ್ಲ ಯಾದಗಿರಿ-ರಾಯಚೂರಿನ ಕಡೆಯ ಮಾತು, ನಮ್ಮದು ಸಕ್ಕರೆಯ ನಾಡು ಎನ್ನುವವರು ಕಬ್ಬಿನ ಹಂಗಾಮಿನಲ್ಲಿ ಬೆಳಗಿನ ಜಾವ ಕಬ್ಬು ಕಡಿಯುವ ಟೋಳಿಗಳ ಗುಡಿಸಲ ಹತ್ತಿರ ಹೋಗಿ ಬರಲಿ. ಬೀಡದಿಂದ, ವಿಜಯಪುರದಿಂದ ಬಂದವರು ನಸುಕಿನಲ್ಲೇ ಕೊಯ್ತಾ ಹಿಡಿದು ಹೊಲಕ್ಕಿಳಿದಿರುತ್ತಾರೆ. ತಾಡಪತ್ರಿಯೊಳಗೆ ಆರು ವರ್ಷದ ಅಕ್ಕ ಎರಡು ವರ್ಷದ ತಮ್ಮನಿಗೆ ಅದೇ ಪಾಕೀಟಿನ ಎಳೆಗಳನ್ನು ಒಂದೊಂದಾಗಿ ಉಣಿಸುತ್ತಿರುತ್ತಾಳೆ.

ಇನ್ನು ತತ್ತಿಯ ಪ್ರಶ್ನೆ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನ ತತ್ತಿ ಕೊಡುವ ವ್ಯವಸ್ಥೆಯಾಯಿತು. ಒಂದು ತತ್ತಿಯಲ್ಲಿ ಆರು ಗ್ರಾಂ ಪ್ರೋಟೀನ್, ಅಂದರೆ ಎಪ್ಪತ್ತು ಗ್ರಾಮಿನ ಒಂದಿಡೀ ನೂಡಲ್ಸ್ ಪಾಕೀಟಿನಷ್ಟು, ಕಡಿಮೆ ಬೆಲೆಗೆ, ಅದೂ ಮೇಲ್ತರದ್ದು. ಕೋಳಿ ಕೊಳ್ಳಲಾರದ ಮನೆಗೆ ಇದೇ ಕೋಳಿ. ನಮ್ಮ ಸೀಮೆಯಲ್ಲಿ ಜೈನರು ಬಹಳ, ಲಿಂಗಾಯತರು ಬಹಳ. ತತ್ತಿ ಮುಟ್ಟದ ಮನೆಗಳ ಮಗ್ಗುಲಲ್ಲೇ ತಿನ್ನುವ ಮನೆಗಳೂ ನೂರಾರು ವರ್ಷದಿಂದ ಇವೆ. ತಿನ್ನದವರ ವ್ರತಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ನಿಮ್ಮ ವ್ರತ ನಿಮ್ಮ ತಾಟಿನ ಅಂಚಿಗೆ ನಿಲ್ಲಲಿ, ಪಕ್ಕದ ತಾಟಿಗೆ ಕೈ ಚಾಚದಿರಲಿ. ತತ್ತಿ ಸುಲಿಯುವ ಮಗು ಗೋಡೆಯ ಕಡೆ ಮುಖ ಮಾಡಿ ತಿನ್ನುವಂತೆ ಮಾಡುವುದು ಯಾವ ಶರಣರ, ಯಾವ ಮುನಿಗಳ ಧರ್ಮವೂ ಅಲ್ಲ.

ಅಷ್ಟಕ್ಕೂ ನಿಮ್ಮ ಮಕ್ಕಳಿಗಾದರೂ ಏನು ಸಿಗುತ್ತಿದೆ? ತತ್ತಿಯ ಬದಲು ಬಾಳೆಹಣ್ಣು, ಅದರಲ್ಲಿ ಪ್ರೋಟೀನ್ ಒಂದು ಗ್ರಾಂ. ಆರಕ್ಕೆ ಒಂದು! ತತ್ತಿ ಬೇಡ ಎಂದು ಜೋರಾಗಿ ಕೂಗಿದವರು, ಹಾಗಾದರೆ ನಮ್ಮ ಮಗುವಿಗೆ ಒಂದು ಬಟ್ಟಲು ಮೊಳಕೆ ಕಾಳು ಕೊಡಿ ಎಂದು ಅಷ್ಟೇ ಜೋರಾಗಿ ಕೂಗಿದ್ದನ್ನು ನಾನು ಕೇಳಿಲ್ಲ. ಒಂದು ಹಿಡಿ ಮಡಕಿ ಕಾಳು, ಮೂವತ್ತು ಗ್ರಾಂ, ನೆನೆಹಾಕಿ ಮೊಳಕೆ ಬರಿಸಿ ಒಗ್ಗರಣೆ ಕೊಟ್ಟರೆ ಏಳು ಗ್ರಾಂ ಪ್ರೋಟೀನ್. ಅಷ್ಟೇ ಶೇಂಗಾದಲ್ಲೂ ಏಳು. ರೊಟ್ಟಿಗೆ ಕಾಳುಪಲ್ಯ, ಜುಣಕ, ಶೇಂಗಾ ಹಿಂಡಿ ಹಚ್ಚಿಕೊಟ್ಟ ಅಜ್ಜಿಯರಿಗೆ ಲೈಸೀನಿನ ಹೆಸರು ಗೊತ್ತಿರಲಿಲ್ಲ, ಜೋಳದಲ್ಲಿ ಇಲ್ಲದ್ದನ್ನು ಕಾಳಿನಿಂದ ತುಂಬಿಸುವುದು ಮಾತ್ರ ಗೊತ್ತಿತ್ತು. ಈಗ ಅದೇ ಮಡಿಯ ಮನೆಗಳಲ್ಲಿ ಪಾಕೀಟಿನ ಮೇಲಿನ ಹಸಿರು ಚುಕ್ಕೆ ನೋಡಿ ಸಮಾಧಾನಪಡುತ್ತಾರೆ. ಆ ಚುಕ್ಕೆ ನಿಮ್ಮ ಮಡಿ ಕಾಯುತ್ತದೆ. ಒಳಗಿನ ಮೈದಾ, ಉಪ್ಪು, ಎಣ್ಣೆಯ ಬಗ್ಗೆ ಅದಕ್ಕೆ ಸೊಲ್ಲಿಲ್ಲ.

ಏನು ಮಾಡಬೇಕು ಅಂತೀರಾ? ದೊಡ್ಡದೇನೂ ಬೇಡ. ಸಕ್ಕರೆ ಕಾರಖಾನೆಗಳ ನಿರ್ದೇಶಕರೇ, ಅಧ್ಯಕ್ಷರೇ, ಈ ಸಲ ಬಾಯ್ಲರ್ ಪೂಜೆಯ ದಿನ ಹಾರ-ಶಾಲಿನ ಪಟ್ಟಿ ಓದುವ ಮುಂಚೆ ಒಂದು ಠರಾವು ಓದಿ: ಹಂಗಾಮು ಮುಗಿಯುವ ತನಕ ಟೋಳಿಯ ಪ್ರತಿ ಮಗುವಿಗೆ ದಿನಕ್ಕೊಂದು ತತ್ತಿ ಅಥವಾ ಒಂದು ಬಟ್ಟಲು ಕಾಳು. ಬೀಡಿ ಮಾಲಕರೇ, ಛಾಟ್ ತೆಗೆಯುವ ಕೈಯನ್ನು ಒಂಚೂರು ಬಿಗಿಹಿಡಿಯಿರಿ. ಆ ತಾಯಿಗೆ ಒಲೆಯ ಮುಂದೆ ಕೂರಲು ಅರ್ಧ ತಾಸು ಸಿಕ್ಕೀತು. ತಂಬಾಕಿನ ನ್ಯಾಯವಾದ ಬೆಲೆಗಾಗಿ 1981ರಲ್ಲಿ ಹೆದ್ದಾರಿಯಲ್ಲಿ ಕೂತ ಊರು ನಿಪ್ಪಾಣಿ. ಗೋಲಿಬಾರಿನಲ್ಲಿ ಹನ್ನೆರಡು ಮಂದಿ ಪ್ರಾಣ ಬಿಟ್ಟರು. ಬೆಳೆದವನ ಬೆಲೆಗೆ ಎದೆಯೊಡ್ಡಿದ ಊರಿಗೆ, ಸುತ್ತುವವಳ ತಾಸಿನ ಬೆಲೆ ಏನೆಂದು ಕೇಳುವುದು ಕಷ್ಟವೇನಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಸಹಿಗಾಗಿ ಹೋಗುವ ಬದಲು ಊಟದ ಹೊತ್ತಿಗೆ ಹೋಗಿ, ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ. ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವವರೇ, ನಿಮ್ಮ ಮಗುವಿನ ಡಬ್ಬಿ ನೀವೇ ತೆರೆದು ನೋಡ್ರಿ.

ಇದನ್ನು ಬರೆಯುವ ಮುಂಚೆ ಆ ಗಾಡಿಯ ಹತ್ತಿರ ಮತ್ತೊಮ್ಮೆ ಹೋಗಿದ್ದೆ. ಬಾಣಲೆಯ ಮಗ್ಗುಲಲ್ಲೇ ಮೂವತ್ತು ತತ್ತಿಯ ಟ್ರೇ ಇತ್ತು, ಅರ್ಧ ಖಾಲಿಯೂ ಆಗಿರಲಿಲ್ಲ. ನೂಡಲ್ಸ್ ಮೇಲೆ ಎರಡು ತತ್ತಿ ಒಡೆದು ಹಾಕಿದರೆ ಎಷ್ಟಪ್ಪಾ ಎಂದು ಕೇಳಿದೆ. “ಇಪ್ಪತ್ತು ಜಾಸ್ತಿ ಆಗ್ತೈತ್ರಿ” ಅಂದ. ಮಕ್ಕಳು ಕೇಳುತ್ತಾರಾ ಅಂದೆ.

ಸೌಟು ನಿಲ್ಲಿಸದೆ ನಕ್ಕ. “ಎಲ್ಲಿ ಕೇಳ್ತಾರ್ರಿ. ಸಾಸ್ ಜಾಸ್ತಿ ಹಾಕಂತಾರ.”