ಎರಡು ಸಾಲಿನ ಚೀಟಿ

ಮೊದಲು ಜಗಳ, ಆಮೇಲೆ ಮಳೆ, ಮಧ್ಯಂತರ ಕಳೆದ ಮೇಲೊಂದು ತಪ್ಪು ತಿಳಿವಳಿಕೆ, ಕೊನೆಗೆ ಮದುವೆ ಮಂಟಪದಿಂದ ಓಟ. ಪ್ರೇಮದ ಹಾಸ್ಯಚಿತ್ರಗಳನ್ನು ನಾನು ಅನುಮಾನ ಇಟ್ಟುಕೊಂಡೇ ನೋಡುತ್ತ ಬಂದವನು. ಕಳೆದ ವಾರ ಈ ಜಾಡನ್ನು ಗಟ್ಟಿಯಾಗಿ ತುಳಿದುಕೊಟ್ಟ ಹಳೆಯ ಚಿತ್ರವನ್ನೇ ಮತ್ತೆ ಹಾಕಿಕೊಂಡು ಕೂತೆ: ಫ್ರಾಂಕ್ ಕಾಪ್ರಾ ನಿರ್ದೇಶಿಸಿದ, 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್'. ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕತೆ, ಈ ಐದೂ ಆಸ್ಕರ್‌ಗಳನ್ನು ಗೆದ್ದ ಮೊದಲ ಚಿತ್ರ ಅದು. ಹಿಂದಿಯಲ್ಲಿ 1956ರ 'ಚೋರಿ ಚೋರಿ', 1991ರ 'ದಿಲ್ ಹೈ ಕೆ ಮಾನ್ತಾ ನಹೀ' ಹುಟ್ಟಿದ್ದು ಅದರಿಂದ. 2007ರ ನಮ್ಮ 'ಹುಡುಗಾಟ'ದ ಬೇರೂ ಅಲ್ಲಿಯೇ ಇದೆ.

ಸಿರಿವಂತನ ಮಗಳು ಎಲಿ ತಂದೆಯ ಮೇಲೆ ಮುನಿಸಿಕೊಂಡು ಮಯಾಮಿಯಿಂದ ನ್ಯೂಯಾರ್ಕಿನ ಬಸ್ಸು ಹತ್ತುತ್ತಾಳೆ. ಕೆಲಸ ಹೋಗಿರುವ ಪತ್ರಕರ್ತ ಪೀಟರ್ ಜೊತೆ ಸೀಟಿಗಾಗಿ ಜಗಳ. ಅಷ್ಟಕ್ಕೇ ಕೊನೆ ಗೊತ್ತಾಗುತ್ತದೆ. ಆದರೂ ನಾನು ಎದ್ದು ಹೋಗಲಿಲ್ಲ. ದುಡ್ಡು ಸಾಲದೆ ಇಬ್ಬರೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದಾಗ ಪೀಟರ್ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ, ಅದಕ್ಕೆ ಬೈಬಲ್ಲಿನಲ್ಲಿ ಕಹಳೆಯ ಸದ್ದಿಗೆ ಕುಸಿದುಬೀಳುವ ಜೆರಿಕೋ ಗೋಡೆಯೆಂದು ಹೆಸರಿಡುತ್ತಾನೆ. ಹಸಿ ಕ್ಯಾರೆಟ್ ಕಂಡು ಮೂಗು ಮುರಿದವಳು ಆಮೇಲೆ ತಾನಾಗಿ ಅದನ್ನು ಕಚ್ಚಿ ತಿನ್ನುತ್ತಾಳೆ. ಹಸಿವೋ ಒಲವೋ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಅವಳ ತಂದೆಯ ಮುಂದೆ ಪೀಟರ್ ಪಟ್ಟಿ ಹಿಡಿದು ಕೇಳುವುದು ದಾರಿಖರ್ಚಿನ 39 ಡಾಲರ್ 60 ಸೆಂಟ್ ಮಾತ್ರ. ಮಗಳನ್ನು ಹುಡುಕಿಕೊಟ್ಟವರಿಗೆಂದು ತಂದೆ ಸಾರಿದ್ದ 10,000 ಡಾಲರ್ ಬಹುಮಾನ ಅವನಿಗೆ ಬೇಡ. ಆ ಅರವತ್ತು ಸೆಂಟಿನಲ್ಲಿ ಮನುಷ್ಯ ಪೂರ್ತಿ ಕಾಣುತ್ತಾನೆ.

ನನ್ನ ತಕರಾರು ಬೇರೆ ಕಡೆ ಇದೆ. ಒಂದು ರಾತ್ರಿ ಎಲಿ ಕಂಬಳಿ ದಾಟಿ ಬಂದು ಮನಸ್ಸು ಬಿಚ್ಚುತ್ತಾಳೆ. ಅವಳು ನಿದ್ದೆ ಹೋದ ಮೇಲೆ ಪೀಟರ್ ಮದುವೆಗೆ ಹಣ ಹೊಂದಿಸಲು ನ್ಯೂಯಾರ್ಕಿಗೆ ಓಡುತ್ತಾನೆ. ಅಲ್ಲಿ ತಮ್ಮಿಬ್ಬರ ಕತೆಯನ್ನು ಪತ್ರಿಕೆಗೆಂದು ಟೈಪ್ ಮಾಡುತ್ತಾನೆ. ಇವಳ ತಲೆದಿಂಬಿನ ಬಳಿ ಮಾತ್ರ ಎರಡು ಸಾಲಿನ ಚೀಟಿ ಇಡುವುದಿಲ್ಲ! ಬರೆದೇ ಬದುಕುವವನು ಬರೆಯದೆ ಹೋದ ಅನ್ನುವುದನ್ನು ನಾನು ನಂಬಲಾರೆ. ಅವನ ಸ್ವಭಾವದಲ್ಲಿ ಇಲ್ಲದ ಮರೆವನ್ನು ಚಿತ್ರಕತೆ ಹೊರಗಿನಿಂದ ತಂದು ಹಾಕಿದೆ.

ಜಾಡು ಹಿಡಿದವರೆಲ್ಲ ಕಲಿತದ್ದು ಬಹಳಮಟ್ಟಿಗೆ ಈ ದೋಷವನ್ನೇ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಆದರೂ ನಾಯಕಿ ಅರ್ಧ ಮಾತು ಕೇಳಿಸಿಕೊಂಡು ಅಳುತ್ತ ಆಟೋ ಹತ್ತುತ್ತಾಳೆ. ಪತ್ರಿಕೆಗೆ ಬರುವ ಪ್ರೇಮಕತೆಗಳಲ್ಲೂ ಇದನ್ನೇ ಕಾಣುತ್ತೇನೆ, ಓದುವಾಗ ಸಂಕಟವಾಗುತ್ತದೆ. ಕೊನೆ ಮೊದಲೇ ತಿಳಿದರೆ ನಷ್ಟವಿಲ್ಲ. ರಾಮಾಯಣದ ಕೊನೆ ಗೊತ್ತಿದ್ದೇ ನಾವು ರಾತ್ರಿಯಿಡೀ ಯಕ್ಷಗಾನ ನೋಡುವವರು. ಇಬ್ಬರನ್ನು ಅಗಲಿಸುವ ಕಾರಣ ಅವರೊಳಗಿನಿಂದ ಬರಲಿ ಎಂದಷ್ಟೇ ನಾನು ಕೇಳುವುದು.

ಕಾಪ್ರಾ ಕೊನೆಯ ದೃಶ್ಯದಲ್ಲಿ ಜೋಡಿಯ ಮುಖವನ್ನೇ ತೋರಿಸುವುದಿಲ್ಲ. ಹೊರಗೆ ವಸತಿಗೃಹದ ಗಂಡಹೆಂಡತಿ, ಈ ಹೊಸ ಜೋಡಿಗೆ ಹಗ್ಗ, ಕಂಬಳಿ, ಆಟಿಕೆ ಕಹಳೆ ಯಾಕೆ ಬೇಕಾಯಿತೆಂದು ಮಾತಾಡಿಕೊಳ್ಳುತ್ತಿರುತ್ತಾರೆ. ಒಳಗಿನಿಂದ ಕಹಳೆಯ ಸದ್ದು. ಕಂಬಳಿ ನೆಲಕ್ಕೆ ಬೀಳುತ್ತದೆ, ದೀಪ ಆರುತ್ತದೆ.