ಪ್ರವಾಸಿಗೆ ಜಾಗವಿಲ್ಲದ ಪ್ರವಾಸಿ ಮಂದಿರ

ನಮ್ಮ ಚಿಕ್ಕಪ್ಪನ ಮಗ ಸ್ಪೇನ್‌ಗೆ ಹೋಗಿ ಬಂದ. ಬಂದವನು ಊರಿನ ಬಗ್ಗೆ ಹೇಳಿದ್ದು ಕಮ್ಮಿ, ಉಳ್ಕೊಂಡ ಜಾಗದ ಬಗ್ಗೆ ಹೇಳಿದ್ದೇ ಜಾಸ್ತಿ. ಸಾಂತಿಯಾಗೊ ದೆ ಕಾಂಪೊಸ್ಟೆಲಾ ಅಂತ ಒಂದು ಯಾತ್ರಾಸ್ಥಳ. ಅಲ್ಲಿ ದೊಡ್ಡ ಚರ್ಚಿನ ಮಗ್ಗುಲಲ್ಲೇ, ಐನೂರು ವರ್ಷದ ಹಿಂದೆ ರಾಜ-ರಾಣಿ ಇಬ್ಬರೂ ಸೇರಿ ನಡೆದು ಬರೋ ಯಾತ್ರಿಕರಿಗೋಸ್ಕರ ಕಟ್ಟಿಸಿದ ಆಸ್ಪತ್ರೆ. 1954ರಲ್ಲಿ ಅದೇ ಕಟ್ಟಡ ಹೋಟೆಲ್ ಆಯ್ತು. ಒಳಗೆ ನಾಲ್ಕು ಅಂಗಳ. "ನಮ್ಮಜ್ಜಿ ಮನೆ ತೊಟ್ಟಿ ಥರಾನೇ ಕಣಣ್ಣ, ಕಲ್ಲಲ್ಲಿ ಕಟ್ಟವ್ರೆ ಅಷ್ಟೆ" ಅಂದ. ಹಳೇ ಕೋಟೆ, ಮಠಗಳನ್ನ ರಿಪೇರಿ ಮಾಡಿ ಇಂಥ ಹೋಟೆಲ್ ನಡೆಸೋದನ್ನ ಅಲ್ಲಿನ ಸರ್ಕಾರವೇ ಎಷ್ಟೋ ವರ್ಷದಿಂದ ಮಾಡ್ಕೊಂಡು ಬಂದಿದೆ. ಹೊಟ್ಟೆ ಉರೀತು ನೋಡಿ.

ಆಮೇಲೆ ಅವನು ಕೇಳಿದ್ದು ಇನ್ನೂ ಕಷ್ಟದ್ದು. "ಮಕ್ಕಳನ್ನ ಕರ್ಕೊಂಡು ಬರ್ತೀನಿ. ನಮ್ಮ ಕಡೇಲಿ ಇಂಥದ್ದೊಂದು ಜಾಗ ನೋಡಿಡಣ್ಣ."

ನಾನಿರೋದು ವಿ.ಸಿ. ಫಾರಂ ಪಕ್ಕ. ಶ್ರೀರಂಗಪಟ್ಟಣ, ಮೇಲುಕೋಟೆ, ಶಿವನಸಮುದ್ರ, ಯಾವುದಕ್ಕೆ ಹೊರಟರೂ ಸಂಜೆಗೆ ವಾಪಸ್ ಬರಬಹುದು. ಹುಡುಕಿದೆ. ಸಿಕ್ಕಿದ್ದೆಲ್ಲ 'ಹೆರಿಟೇಜ್' ಬೋರ್ಡು ಹಾಕ್ಕೊಂಡ ಹೊಸ ರೆಸಾರ್ಟುಗಳು. ಸಿಮೆಂಟ್ ಆನೆ, ಕಲ್ಲಿನ ಬಣ್ಣ ಬಳಿದ ಕಂಬ, ಗೇಟಿನ ಹತ್ರ ಎತ್ತಿಲ್ಲದ ಒಂದು ಗಾಡಿ. ಮಂಡ್ಯ ಜಿಲ್ಲೇಲಿ ಎತ್ತಿನ ಗಾಡೀನ ಷೋಕೇಸಲ್ಲಿ ಇಡೋ ಕಾಲ ಬಂತಾ ಅಂತ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹಂಗಾದ್ರೆ ನಿಜವಾದ ಹಳೇ ಜಾಗ ನಮ್ಮಲ್ಲಿ ಇಲ್ವಾ? ಇದೆ ಸ್ವಾಮಿ. ಐ.ಬಿ. ಅಂತೀವಲ್ಲ, ಅದು. ಮಂಗಳೂರು ಹೆಂಚು, ಎತ್ತರದ ಸೂರು, ಮುಂದೆ ಅಗಲವಾದ ವರಾಂಡ, ಹಿಂದೆ ಬೇರೆಯಾಗಿ ಅಡುಗೆಮನೆ, ಕಾಂಪೌಂಡಲ್ಲಿ ನಾಲ್ಕು ಆಳು ತಬ್ಬೋವಂಥ ಮರ. ರಸ್ತೆ, ಕೆರೆ, ಕಾಲುವೆ ನೋಡೋಕೆ ಸುತ್ತಾಟಕ್ಕೆ ಬರ್ತಿದ್ದ ಸಾಹೇಬರಿಗೆ ಕಟ್ಟಿದ್ದು. ಇವತ್ತು ಗೇಟಿನ ಮೇಲೆ ಕನ್ನಡದಲ್ಲಿ ಚೆಂದದ ಹೆಸರಿದೆ: ಪ್ರವಾಸಿ ಮಂದಿರ.

ನಮ್ಮ ಕಡೆಯದೇ ಒಂದು ಪ್ರವಾಸಿ ಮಂದಿರಕ್ಕೆ ಹೋದೆ (ಯಾವೂರು ಅಂತ ಹೇಳಲ್ಲ, ಆ ಕಾವಲುಗಾರನಿಗೆ ಯಾಕೆ ತೊಂದರೆ). ರೂಮುಗಳೆಲ್ಲ ಖಾಲಿ.

"ಸಾಹೇಬ್ರು ಬರ್ತಾರೆ ಸಾ, ಕೊಡಕಾಯ್ತಿಲ್ಲ."

"ಯಾವಾಗ ಬರ್ತಾರೆ?"

"ಅದ್ಯಂಗೆ ಹೇಳನ ಸಾ? ಬಂದ್ರೆ ಬಂದ್ರು." ಆಮೇಲೆ ಮೆತ್ತಗೆ ಕೇಳಿದ, "ತಾವು ಯಾವ ಡಿಪಾರ್ಟ್‌ಮೆಂಟು ಸಾ?"

ಯಾವ ಡಿಪಾರ್ಟ್‌ಮೆಂಟೂ ಅಲ್ಲ ಕಣಪ್ಪ, ಕಬ್ಬು ಬೆಳೆಯೋನು ಅಂದೆ. ಪಾಪ, ನೀರು ಕೊಟ್ಟು ಕಳಿಸಿದ.

ನನ್ನ ಜಗಳ ಇಲ್ಲೇ ಇರೋದು. ತೆರಿಗೆ ದುಡ್ಡಲ್ಲಿ ಕಟ್ಟಿದ, ತೆರಿಗೆ ದುಡ್ಡಲ್ಲೇ ಸುಣ್ಣ ಬಳಿಯೋ ಮನೆ, ಯಾರೋ ಬರಬಹುದು ಅಂತ ವರ್ಷದ ಬಹುಪಾಲು ಬಾಗಿಲು ಹಾಕ್ಕೊಂಡು ಕೂತಿರೋದು ಯಾವ ನ್ಯಾಯ? ಛತ್ರಗಳ ಕಥೆ ಬೇರೆ. ಮೇಲುಕೋಟೆಯಂಥ ಊರಲ್ಲಿ ಒಂದೊಂದು ಜನಾಂಗಕ್ಕೆ ಒಂದೊಂದು ಛತ್ರ. ಛತ್ರದಲ್ಲಿ 'ಯಾವ ಜನ' ಅಂತ ಕೇಳ್ತಾರೆ, ಐ.ಬಿ.ಯಲ್ಲಿ 'ಯಾವ ಡಿಪಾರ್ಟ್‌ಮೆಂಟು' ಅಂತ ಕೇಳ್ತಾರೆ. ಬರೀ 'ಬನ್ನಿ' ಅನ್ನೋ ಹಳೇ ಮನೆ ಎಲ್ಲಿ?

ಜನಕ್ಕೆ ಕೊಟ್ರೆ ಹಾಳು ಮಾಡ್ತಾರೆ ಅಂತೀರಾ? ಒಳಗೆ ಇಣುಕಿ ನೋಡಿದ್ದೀನಿ. ಕೆಂಪು ಗಾರೆ ನೆಲದ ಮೇಲೆ ಬಚ್ಚಲಿಗೆ ಹಾಕೋ ಟೈಲ್ಸು. ಕಮಾನಿನ ಕಿಟಕಿ ಒಡೆದು ಏ.ಸಿ. ತೂರಿಸಿದ್ದಾರೆ. ಇದನ್ನ ಪ್ರವಾಸಿಗಳು ಮಾಡಿದ್ದಲ್ವಲ್ಲ! ಮತ್ತೆ, ನಮ್ಮ ಕೈಲಿ ಆಗಲ್ಲ ಅನ್ನೋದೂ ಸುಳ್ಳು. ವೈಸರಾಯ್‌ಗೆ ಅಂತ 1921ರಲ್ಲಿ ಕಟ್ಟಿಸೋಕೆ ಶುರು ಮಾಡಿದ ಮೈಸೂರಿನ ಲಲಿತ ಮಹಲನ್ನ 1974ರಲ್ಲಿ ಹೋಟೆಲ್ ಮಾಡ್ಲಿಲ್ವಾ? ಅರಮನೆಗೆ ಸಿಕ್ಕ ಬುದ್ಧಿ ಹೆಂಚಿನ ಮನೆಗೆ ಯಾಕಿಲ್ಲ? ಅಧಿಕಾರಿಗಳಿಗೆ ಒಂದು ರೂಮು ಇಟ್ಕೊಳ್ಳಲಿ, ಬೇಡ ಅಂದವರಾರು. ಉಳಿದದ್ದನ್ನ ದರ ಬರೆದು, ರಸೀದಿ ಕೊಟ್ಟು, ಬಂದವರಿಗೆ ಕೊಡಲಿ. ಹಿಂದಿನ ಅಡುಗೆಮನೇಲಿ ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘದವರು ಮುದ್ದೆ, ಉಪ್ಸಾರು ಮಾಡಲಿ. ರೆಸಾರ್ಟಿಗೆ ಹೋಗೋ ದುಡ್ಡು ಊರಲ್ಲೇ ಉಳಿಯುತ್ತೆ.

ಯಾಕಿಷ್ಟು ಹೇಳ್ತೀನಿ ಅಂದ್ರೆ, 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದಮೇಲೆ ಬೆಂಗಳೂರಿನವರು ಮಂಡ್ಯ, ಮದ್ದೂರುಗಳನ್ನ ಬೈಪಾಸಲ್ಲೇ ದಾಟಿಬಿಡ್ತಾರೆ. ಮದ್ದೂರು ವಡೆಗೂ ನಿಲ್ಲಲ್ಲ. ಒಂದು ರಾತ್ರಿ ಇಲ್ಲಿ ಮಲಗಿ ಎದ್ದರೆ ತಾನೇ ಬೆಳಗ್ಗೆ ವಿ.ಸಿ. ಫಾರಂ ಕಡೆ ಬಂದು, ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ತೆಗೆದದ್ದು ಇಲ್ಲೇ ಅಂತ ತಿಳ್ಕೊಳ್ಳೋದು? ಕಾಲುವೆ ಏರಿ ಮೇಲೆ ಒಂದು ಸುತ್ತು ನಡೆಯೋದು?

ತಮ್ಮ ಮುಂದಿನ ತಿಂಗಳು ಬರ್ತಾನೆ. ಅರ್ಜಿ ಬರೆದಿಟ್ಟಿದ್ದೀನಿ. ಹೆಸರು, ವಿಳಾಸ, ಎಷ್ಟು ಜನ, ಎಷ್ಟು ದಿನ, ಎಲ್ಲ ಬರೆದೆ. ಹುದ್ದೆ ಅನ್ನೋ ಕಡೆ 'ಪ್ರವಾಸಿ' ಅಂತ ಹಾಕಿದ್ದೀನಿ :)