‘ಬಾಸ್’: ಒಂದು ಪದದ ಸಂಚಾರ ಮತ್ತು ದುಡಿಮೆಯ ಸಂಬಂಧಗಳು

ಭಾಷೆಯೊಂದು ಅನ್ಯಭಾಷೆಯಿಂದ ಪದಗಳನ್ನು ಸ್ವೀಕರಿಸುವ ಕ್ರಿಯೆಯನ್ನು ಕುರಿತ ಚರ್ಚೆ ಕನ್ನಡದಲ್ಲಿ ಹೊಸದಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದ ನಾಲಗೆಗೆ ಒಗ್ಗುವ ಬಗೆಯನ್ನು ಸೂತ್ರೀಕರಿಸಿದ ಕಾಲದಿಂದಲೂ ಅದು ನಡೆದು ಬಂದಿದೆ. ಆದರೆ ಇಂಗ್ಲಿಷಿನಿಂದ ಬಂದ ಪದಗಳ ಬಗೆಗಿನ ನಮ್ಮ ಚರ್ಚೆ ಬಹುಮಟ್ಟಿಗೆ ಎರಡು ನಿಲುವುಗಳ ನಡುವೆ ತೊಯ್ದಾಡುತ್ತದೆ. ಇಂಥ ಪದಗಳು ಕನ್ನಡವನ್ನು ಕೆಡಿಸುತ್ತವೆ, ಅವಕ್ಕೆ ಅಚ್ಚಗನ್ನಡದ ಅಥವಾ ಸಂಸ್ಕೃತಮೂಲದ ಪರ್ಯಾಯಗಳನ್ನು ಹುಡುಕಬೇಕು ಎಂಬುದು ಒಂದು ನಿಲುವು. ಜನ ಬಳಸುತ್ತಿದ್ದಾರೆ, ಆದ್ದರಿಂದ ಅದು ಕನ್ನಡವೇ ಆಯಿತು, ಮತ್ತೆ ವಿಚಾರಿಸುವುದೇನೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಪದದ ಹುಟ್ಟನ್ನು ಮಾತ್ರ ನೋಡುತ್ತದೆ; ಎರಡನೆಯದು ಅದರ ಬಳಕೆಯ ಎಣಿಕೆಯನ್ನು ಮಾತ್ರ ನೋಡುತ್ತದೆ. ಪದವು ಯಾವ ಮಾನವಸಂಬಂಧವನ್ನು ಹೊತ್ತು ಬಂದಿತು, ಇಲ್ಲಿ ಯಾವ ಸಂಬಂಧದ ಮೇಲೆ ಕುಳಿತಿತು ಎಂಬ ಪ್ರಶ್ನೆ ಎರಡರಲ್ಲೂ ಉಳಿದುಹೋಗುತ್ತದೆ. ಮುಂಬಯಿ, ಹೈದರಾಬಾದು, ಚೆನ್ನೈ, ಬೆಂಗಳೂರುಗಳ ಕಚೇರಿಗಳಲ್ಲೂ ಬೀದಿಗಳಲ್ಲೂ ಸಮನಾಗಿ ಕೇಳಿಬರುವ ‘ಬಾಸ್’ ಎಂಬ ಪುಟ್ಟ ಪದವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತವಾದೀತು.

ಇಂಗ್ಲಿಷಿನ ಮೂಲಕ ನಮಗೆ ಬಂದ ಈ ಪದ ಮೂಲತಃ ಇಂಗ್ಲಿಷಿನದಲ್ಲ. ಅದು ಡಚ್ ಭಾಷೆಯ ‘ಬಾಸ್’. ಒಡೆಯ, ಕಸುಬಿನ ಮುಖ್ಯಸ್ಥ ಎಂಬುದು ಅಲ್ಲಿಯ ಅರ್ಥ. ಅದಕ್ಕೂ ಹಿಂದೆ ಅದು ಬಂಧುವಾಚಕವಾಗಿದ್ದಿರಬಹುದೆಂಬ ಊಹೆಯೂ ಉಂಟು. ಅಮೆರಿಕೆಯ ನ್ಯೂ ಆಮ್‌ಸ್ಟರ್‌ಡಾಮ್ 1664ರಲ್ಲಿ ಇಂಗ್ಲಿಷರ ವಶವಾಗಿ ನ್ಯೂಯಾರ್ಕ್ ಎಂಬ ಹೆಸರು ಪಡೆದ ಮೇಲೂ ಡಚ್ಚರ ಮಾತು ಆ ಪ್ರದೇಶದಲ್ಲಿ ಉಳಿದಿತ್ತು. ಅಲ್ಲಿಂದ ಈ ಪದ ಅಮೆರಿಕನ್ ಇಂಗ್ಲಿಷನ್ನು ಸೇರಿತು. ಅದು ಬೇರೂರಿದ ಕಾರಣ ಮಾತ್ರ ಭಾಷಿಕವಾದದ್ದಲ್ಲ, ಸಾಮಾಜಿಕವಾದದ್ದು. ಸ್ವಾತಂತ್ರ್ಯಾನಂತರದ ಅಮೆರಿಕೆಯಲ್ಲಿ ಕೂಲಿಗೆ ದುಡಿಯುವ ಬಿಳಿಯ ಕೆಲಸಗಾರನು ತನ್ನ ಧಣಿಯನ್ನು ‘ಮಾಸ್ಟರ್’ ಎಂದು ಕರೆಯಲು ಒಪ್ಪಲಿಲ್ಲ. ಅದರ ಬದಲು ‘ಬಾಸ್’ ಎಂದ. ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ 1838ರಲ್ಲಿ ಪ್ರಕಟವಾದ ‘ದಿ ಅಮೆರಿಕನ್ ಡೆಮಾಕ್ರಾಟ್’ ಎಂಬ ಕೃತಿಯಲ್ಲಿ ಈ ರೂಢಿಯನ್ನು ಹಾಸ್ಯ ಮಾಡಿದ್ದಾನೆ. ಎರಡು ಪದಗಳ ಅರ್ಥವೂ ಒಂದೇ ಆಗಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದು ಸಾಧಿಸಿದ್ದೇನು ಎಂಬುದು ಅವನ ಆಕ್ಷೇಪದ ತಿರುಳು.

ಕೂಪರನ ಆಕ್ಷೇಪ ನಿಘಂಟಿನ ಮಟ್ಟಿಗೆ ಸರಿ. ಸಮಾಜದ ಮಟ್ಟಿಗೆ ಸರಿಯಲ್ಲ. ಗುಲಾಮಗಿರಿಯಿದ್ದ ದೇಶದಲ್ಲಿ ‘ಮಾಸ್ಟರ್’ ಎಂಬುದು ಮನುಷ್ಯನನ್ನೇ ಕೊಂಡವನ ಹೆಸರು. ಅದನ್ನು ನಿರಾಕರಿಸಿದ ಕೆಲಸಗಾರ, ತಾನು ಮಾರಿದ್ದು ದುಡಿಮೆಯನ್ನು, ತನ್ನನ್ನಲ್ಲ ಎಂದು ಸಾರಿದ. ಆದರೆ ಈ ಸ್ವಾಭಿಮಾನಕ್ಕೆ ಮತ್ತೊಂದು ಮುಖವೂ ಇತ್ತು. ಇತಿಹಾಸಕಾರ ಡೇವಿಡ್ ರೋಡಿಗರ್ 1991ರ ತನ್ನ ಅಧ್ಯಯನದಲ್ಲಿ ತೋರಿಸಿರುವಂತೆ, ಇಂಥ ಪದಾಂತರದ ಮೂಲಕ ಬಿಳಿಯ ಕೆಲಸಗಾರನು ಕರಿಯ ಗುಲಾಮನಿಂದ ತನ್ನನ್ನು ಬೇರೆಯಾಗಿಸಿಕೊಳ್ಳುತ್ತಿದ್ದ. ಮಾಲೀಕನ ಅಧಿಕಾರ ಬದಲಾಗಲಿಲ್ಲ. ಕೆಳಗಿದ್ದವರೊಳಗಿನ ಅಂತರ ಮಾತ್ರ ಗಟ್ಟಿಯಾಯಿತು. ಪದವನ್ನು ಬದಲಿಸಿ ಸಂಬಂಧವನ್ನು ಬದಲಿಸಿದಂತೆ ಭಾವಿಸುವುದರ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇದೇ ಪದ ಬೇರೆ ನೆಲಗಳಲ್ಲಿ ತಳೆದ ರೂಪಗಳು ಕುತೂಹಲಕರವಾಗಿವೆ. ದಕ್ಷಿಣ ಆಫ್ರಿಕದಲ್ಲಿ ಡಚ್ಚಿನಿಂದ ಬೆಳೆದ ಆಫ್ರಿಕಾನ್ಸ್ ಭಾಷೆಯಲ್ಲಿ ‘ಬಾಸ್’ ಎಂಬುದು ಕರಿಯ ಕೆಲಸಗಾರ ಬಿಳಿಯನನ್ನು ಕರೆಯಲೇಬೇಕಾದ ಪದವಾಯಿತು. ಅದರಿಂದ ಹುಟ್ಟಿದ ‘ಬಾಸ್‌ಸ್ಕಾಪ್’ ಎಂಬ ಪದವು ಬಿಳಿಯರ ಯಜಮಾನಿಕೆಯನ್ನು ಸಮರ್ಥಿಸುವ ರಾಜಕೀಯ ನೀತಿಯ ಹೆಸರೇ ಆಯಿತು. ಅಮೆರಿಕೆಯಲ್ಲಿ ದಾಸ್ಯದ ನಿರಾಕರಣೆಗಾಗಿ ಆಯ್ದ ಪದ ಆಫ್ರಿಕದಲ್ಲಿ ದಾಸ್ಯದ ಮುದ್ರೆಯಾದದ್ದು ಇತಿಹಾಸದ ವ್ಯಂಗ್ಯ. ನಮ್ಮ ನೆರೆಯ ಶ್ರೀಲಂಕೆಯ ಕರಾವಳಿಯನ್ನು ಡಚ್ಚರು 1658ರಿಂದ 1796ರವರೆಗೆ ಆಳಿದರು. ಅಲ್ಲಿಯ ಸಿಂಹಳ ಭಾಷೆಗೆ ಈ ಪದ ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ಬಂದಿತು. ಸಿಂಹಳದಲ್ಲಿ ‘ಬಾಸ್’ ಎಂದರೆ ಬಡಗಿ, ಗಾರೆಕೆಲಸದವನು, ಕೈಗೆಲಸದಲ್ಲಿ ಪಳಗಿದವನು. ‘ಬಾಸ್ ಉನ್ನೆಹೆ’ ಎಂದು ಗೌರವ ಸೇರಿಸಿ ಅವನನ್ನು ಕರೆಯುತ್ತಾರೆ. ದೂರದ ಹೈತಿಯ ಕ್ರಿಯೋಲಿನಲ್ಲೂ ‘ಬೊಸ್’ ಎಂಬುದು ಕುಶಲಕರ್ಮಿಗೆ ಸಲ್ಲುತ್ತದೆ. ಜಪಾನಿಯಲ್ಲಿ ಇಂಗ್ಲಿಷಿನಿಂದ ಬಂದ ‘ಬೊಸು’ ಗೂಂಡಾಪಡೆಯ ನಾಯಕನಿಗೂ ಮಂಗಗಳ ಹಿಂಡಿನ ಮುಂದಾಳಿಗೂ ಅನ್ವಯಿಸುತ್ತದೆ. ಅಮೆರಿಕೆಯಲ್ಲಿಯೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಅದು ರಾಜಕೀಯಕ್ಕೆ ಜಾರಿತ್ತು. ನ್ಯೂಯಾರ್ಕಿನ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದು 1873ರಲ್ಲಿ ಭ್ರಷ್ಟಾಚಾರಕ್ಕಾಗಿ ಶಿಕ್ಷೆಗೊಳಗಾದ ವಿಲಿಯಂ ಟ್ವೀಡ್ ‘ಬಾಸ್ ಟ್ವೀಡ್’ ಎಂದೇ ಪ್ರಸಿದ್ಧ. ಒಂದೇ ಪದ ಒಂದೆಡೆ ಕಸುಬಿನ ಮರ್ಯಾದೆ, ಒಂದೆಡೆ ಬಣ್ಣದ ದರ್ಪ, ಮತ್ತೊಂದೆಡೆ ಪುಂಡರ ನಾಯಕತ್ವ. ಅರ್ಥವು ಪದದೊಳಗೆ ಅಡಗಿ ಕುಳಿತಿರುವುದಿಲ್ಲ. ದುಡಿಮೆಯ ವ್ಯವಸ್ಥೆಯೇ ಅದನ್ನು ರೂಪಿಸುತ್ತದೆ ಎಂಬುದು ಇದರಿಂದ ಸ್ಪಷ್ಟ.

ಕನ್ನಡಕ್ಕೆ ಈ ಪದ ಬಂದಾಗ ಇಲ್ಲಿನ ಜಾಗವೇನೂ ಖಾಲಿಯಿರಲಿಲ್ಲ. ಒಡೆಯ, ಧಣಿ, ಯಜಮಾನ, ದೊರೆ, ಸಾಹುಕಾರ, ಸಾಹೇಬ, ಮಾಲೀಕ, ಮೇಸ್ತ್ರಿ ಎಂಬ ಪದಗಳ ದೊಡ್ಡ ಬಳಗವೇ ಇತ್ತು. ಇವುಗಳಲ್ಲಿ ಹಲವು ತಾವೂ ಹೊರಗಿನಿಂದ ಬಂದವು. ಯಜ್ಞ ಮಾಡಿಸುವವನಾದ ಸಂಸ್ಕೃತದ ‘ಯಜಮಾನ’ ಕನ್ನಡದಲ್ಲಿ ಮನೆಯ ಹಿರಿಯನಾದ, ಗಂಡನಾದ, ಊರಿನ ಮುಖ್ಯಸ್ಥನಾದ. ಅರಬ್ಬಿಯಲ್ಲಿ ಒಡನಾಡಿ ಎಂಬ ಅರ್ಥವಿದ್ದ ‘ಸಾಹಿಬ್’ ಇಲ್ಲಿ ಅಧಿಕಾರಿಯಾದ. ಪೋರ್ಚುಗೀಸರ ‘ಮೆಸ್ತ್ರೆ’ ಗಾರೆಕೆಲಸದ, ಬಡಗಿಕೆಲಸದ ಮೇಸ್ತ್ರಿಯಾದ. ಹಳಗನ್ನಡದಲ್ಲಿ ‘ಆಳ್’ ಎಂದರೆ ಸೇವಕ, ‘ಆಳ್ದಂ’ ಎಂದರೆ ಒಡೆಯ. ಈ ಇಬ್ಬರ ನಡುವಣ ಬಾಧ್ಯತೆಗೆ ‘ಜೋಳವಾಳಿ’ ಎಂಬ ಅರ್ಥಪೂರ್ಣವಾದ ಮಾತಿತ್ತು. ಅನ್ನವಿಟ್ಟವನ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವ ಆ ಮೌಲ್ಯ ಊಳಿಗಮಾನ್ಯ ವ್ಯವಸ್ಥೆಯದು; ಅದನ್ನು ಇಂದು ವೈಭವೀಕರಿಸಬೇಕಾಗಿಲ್ಲ. ಆದರೆ ಅಲ್ಲಿ ಒಡೆಯನಿಗೂ ಒಂದು ಹೊಣೆ ಇತ್ತೆಂಬುದನ್ನು ಮರೆಯಬಾರದು. ಆಧುನಿಕ ಕಾಲದಲ್ಲಿ ರೂಪಿಸಿದ ‘ಉದ್ಯೋಗದಾತ’ ಎಂಬ ಪದವನ್ನು ನೋಡಿದರೆ ಬೇರೊಂದು ತೊಡಕು ಕಾಣುತ್ತದೆ. ದುಡಿಮೆಯನ್ನು ಕೊಡುವವನು ಕಾರ್ಮಿಕ, ಪಡೆಯುವವನು ಮಾಲೀಕ. ಆದರೆ ಆ ಪದದಲ್ಲಿ ಮಾಲೀಕನೇ ದಾನಿ, ಕಾರ್ಮಿಕ ಕೈಯೊಡ್ಡಿ ನಿಂತವನು. ಅನ್ಯಭಾಷೆಯ ಪದ ಎಂಬ ಒಂದೇ ಕಾರಣಕ್ಕೆ ‘ಬಾಸ್’ ಅನ್ನು ಹೊರಹಾಕಿ ಇಂಥ ಪದವನ್ನು ಪ್ರತಿಷ್ಠಾಪಿಸಿದರೆ ಕನ್ನಡಕ್ಕೆ ಲಾಭವಾಯಿತೆಂದು ಹೇಳುವಂತಿಲ್ಲ.

ಉಚ್ಚಾರಣೆಯ ಒಂದು ಸಂಗತಿಯನ್ನೂ ಇಲ್ಲಿ ಗಮನಿಸಬಹುದು. ಇಂಗ್ಲಿಷಿನ ಹ್ರಸ್ವ ಸ್ವರವನ್ನು ಕನ್ನಡ ‘ಆಫೀಸು’, ‘ಕಾಲೇಜು’, ‘ಡಾಕ್ಟರು’ಗಳಲ್ಲಿ ಮಾಡಿದಂತೆ ‘ಆ’ಕಾರವಾಗಿಸಿತು. ಹೀಗೆ ಬಂದ ಕನ್ನಡದ ‘ಬಾಸ್’ ತನಗರಿವಿಲ್ಲದೆಯೇ ಡಚ್ ಮೂಲಕ್ಕೆ ಸಮೀಪವಾಗಿದೆ. ಕನ್ನಡಿಗನು ಇಂಗ್ಲಿಷನ್ನು ತಪ್ಪಾಗಿ ಉಚ್ಚರಿಸುತ್ತಾನೆಂದು ನಗುವವರು ಪದಗಳ ಪೂರ್ವಚರಿತ್ರೆಯನ್ನು ಕೊಂಚ ಅರಿತಿದ್ದರೆ ಒಳ್ಳೆಯದು.

ಇಂದು ಈ ಪದಕ್ಕೆ ನಮ್ಮ ನಗರಗಳಲ್ಲಿ ಎರಡು ಬದುಕುಗಳಿವೆ. ಒಂದು ಕಚೇರಿಯೊಳಗಿನದು. ‘ನಮ್ಮ ಬಾಸು’ ಎಂಬ ಮಾತು ಸಾಮಾನ್ಯವಾಗಿ ಬಾಸಿನ ಬೆನ್ನ ಹಿಂದೆ ಬರುತ್ತದೆ. ಎದುರಿನಲ್ಲಿ ‘ಸಾರ್’ ಅಥವಾ ‘ಮೇಡಂ’. ಇನ್ನೊಂದು ಬೀದಿಯದು. ಆಟೋ ಚಾಲಕ, ಹೋಟೆಲಿನ ಮಾಣಿ, ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವನು ಇವರೆಲ್ಲರೂ ‘ಬಾಸ್’. ಇಲ್ಲಿ ಅದು ಅಧಿಕಾರವಾಚಕವಾಗಿ ಉಳಿದಿಲ್ಲ, ಸರಿಸಮಾನರ ಸಂಬೋಧನೆಯಾಗಿದೆ. ‘ಗುರು’ ಎಂಬ ಪೂಜ್ಯಪದ ಬೆಂಗಳೂರಿನ ಗೆಳೆಯರ ನಡುವೆ ‘ಏನ್ ಗುರು’ ಆದದ್ದೂ ಇದೇ ಜಾಡಿನಲ್ಲಿ. ಈ ಬಳಕೆಯನ್ನು ಹಗುರವೆಂದು ತಳ್ಳಿಹಾಕುವ ಮುನ್ನ ಅದು ತುಂಬುತ್ತಿರುವ ಕೊರತೆಯನ್ನು ಯೋಚಿಸಬೇಕು. ಕನ್ನಡದಲ್ಲಿ ಅಪರಿಚಿತನನ್ನು ಕರೆಯುವಾಗ ಏಕವಚನವೋ ಬಹುವಚನವೋ, ಅಣ್ಣನೋ ತಮ್ಮನೋ, ರಾಯರೋ ಸ್ವಾಮಿಯೋ ಎಂದು ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರದಲ್ಲಿ ವಯಸ್ಸು, ಜಾತಿ, ಅಂತಸ್ತುಗಳ ಲೆಕ್ಕಾಚಾರ ನುಸುಳುತ್ತದೆ. ‘ಏ ಹುಡುಗ’ ಎಂದು ಕರೆಸಿಕೊಳ್ಳುತ್ತಿದ್ದ ಮಾಣಿಯನ್ನು ‘ಬಾಸ್, ಒಂದು ಕಾಫಿ’ ಎಂದು ಕೇಳುವಾಗ ಆ ಲೆಕ್ಕಾಚಾರ ಕ್ಷಣಕಾಲ ತಪ್ಪುತ್ತದೆ. ಹಲವು ಭಾಷೆಗಳವರು ಕೂಡಿ ಬಾಳುವ ಮುಂಬಯಿ, ಹೈದರಾಬಾದುಗಳಲ್ಲಿ ಇದರ ಉಪಯುಕ್ತತೆ ಇನ್ನೂ ಹೆಚ್ಚು. ಎದುರಿನವನ ತಾಯ್ನುಡಿ ಯಾವುದೆಂದು ತಿಳಿಯುವ ಮೊದಲೇ ಮಾತು ಆರಂಭಿಸಲು ಅದು ನೆರವಾಗುತ್ತದೆ. ಈ ಸಮಾನತೆಗೂ ಒಂದು ಮಿತಿಯಿದೆ: ಬೀದಿಯಲ್ಲಿ ಹೆಂಗಸರನ್ನು ‘ಬಾಸ್’ ಎಂದು ಕರೆಯುವವರು ಅಪರೂಪ.

ಜನಪ್ರಿಯ ಮಾಧ್ಯಮದಲ್ಲಿ ಈ ಪದ ಪಡೆದ ಸ್ಥಾನವೂ ವಿಚಾರಾರ್ಹ. ನೆದರ್‌ಲ್ಯಾಂಡ್ಸಿನಲ್ಲಿ 1999ರಲ್ಲಿ ಆರಂಭವಾದ ‘ಬಿಗ್ ಬ್ರದರ್’ ಎಂಬ ದೂರದರ್ಶನ ಕಾರ್ಯಕ್ರಮದ ಹೆಸರು ಜಾರ್ಜ್ ಆರ್ವೆಲ್‌ನ 1949ರ ಕಾದಂಬರಿಯ ಸರ್ವಸಾಕ್ಷಿ ಸರ್ವಾಧಿಕಾರಿಯಿಂದ ಬಂದದ್ದು. ಅದು 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ಬಂದಾಗ ‘ಬಿಗ್ ಬಾಸ್’ ಆಯಿತು. ಡಚ್ಚರ ಕಾರ್ಯಕ್ರಮಕ್ಕೆ ಇಲ್ಲಿ ಡಚ್ ಮೂಲದ ಪದವೇ ಒದಗಿದ್ದು ಆಕಸ್ಮಿಕ. ಆದರೆ ಮನೆಯೊಳಗಿನ ಎಲ್ಲರನ್ನೂ ಹಗಲಿರುಳು ನೋಡುವ, ಮುಖ ಕಾಣದ, ಎದುರಾಡಲಾಗದ ಧ್ವನಿಗೆ ‘ಅಣ್ಣ’ನಿಗಿಂತ ‘ಬಾಸ್’ ಹೊಂದಿಕೊಂಡದ್ದು ಪೂರ್ಣ ಆಕಸ್ಮಿಕವೆನ್ನಲಾಗದು. ಅಣ್ಣನೊಡನೆ ಜಗಳವಾಡಬಹುದು, ಮುಖವಿಲ್ಲದವನೊಡನೆ ಹೇಗೆ?

ಈ ಪ್ರಶ್ನೆ ಮನರಂಜನೆಗಷ್ಟೇ ಸೀಮಿತವಲ್ಲ. ಮೊಬೈಲಿನ ಆ್ಯಪ್‌ಗಳ ಮೂಲಕ ಊಟ ತಲುಪಿಸುವ, ಕಾರು ಓಡಿಸುವ ಸಾವಿರಾರು ಯುವಕರಿಗೆ ಇಂದು ‘ನಿಮಗೆ ನೀವೇ ಬಾಸ್’ ಎಂಬ ಆಮಿಷವನ್ನು ಒಡ್ಡಲಾಗುತ್ತಿದೆ. ಅವರಲ್ಲಿ ಉತ್ತರ ಕರ್ನಾಟಕದಿಂದ ಪುಣೆ, ಹೈದರಾಬಾದುಗಳಿಗೆ ಹೋದ ಕನ್ನಡದ ಮಕ್ಕಳೂ ಇದ್ದಾರೆ. ದರವನ್ನು ನಿಗದಿಪಡಿಸುವವರು, ಕೆಲಸ ಹಂಚುವವರು, ಗ್ರಾಹಕರು ಕೊಟ್ಟ ಅಂಕ ಕುಸಿದಾಗ ಖಾತೆಯನ್ನು ಮುಚ್ಚುವವರು ಬೇರೆಯವರು. ‘ಬಾಸ್’ ಎಂಬ ಹೆಸರು ಮಾತ್ರ ದುಡಿಯುವವನದು. ‘ಮಾಸ್ಟರ್’ ಹೋಗಿ ‘ಬಾಸ್’ ಬಂದಾಗ ಅಧಿಕಾರ ಹೇಗೆ ಇದ್ದಲ್ಲಿಯೇ ಉಳಿಯಿತೋ, ಬಾಸ್ ಕಾಣೆಯಾದಾಗಲೂ ಹಾಗೆಯೇ ಉಳಿದಿದೆ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಊಬರ್ ಚಾಲಕರ ಮೊಕದ್ದಮೆಯಲ್ಲಿ ಕರಾರುಪತ್ರದ ಪದಗಳನ್ನು ಬದಿಗಿಟ್ಟು ವಾಸ್ತವದ ಸಂಬಂಧವನ್ನು ನೋಡಿತು. ಅವರನ್ನು ಸ್ವತಂತ್ರ ಗುತ್ತಿಗೆದಾರರೆನ್ನದೆ ಕಾನೂನಿನ ಹಕ್ಕುಗಳುಳ್ಳ ಕೆಲಸಗಾರರೆಂದು ಪರಿಗಣಿಸಿತು. ಕರ್ನಾಟಕವು 2025ರಲ್ಲಿ ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕಾನೂನು ಮಾಡಿ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಕಲ್ಪಿಸಿದೆ. ಯಾರನ್ನು ಯಾವ ಪದದಿಂದ ಕರೆಯಬೇಕೆಂಬುದು ಇಲ್ಲಿ ಅನ್ನದ ಪ್ರಶ್ನೆ. ಕೇವಲ ಶೈಲಿಯ ಪ್ರಶ್ನೆಯಲ್ಲ.

ಈ ಹಿನ್ನೆಲೆಯಲ್ಲಿ ಕನ್ನಡದ ವಿದ್ವತ್ತು ಮಾಡಬೇಕಾದ ಕೆಲಸವೇನು? ಬೀದಿಯ ‘ಬಾಸ್’ ಅನ್ನು ಓಡಿಸುವುದು ಬೇಕಾಗಿಲ್ಲ, ಅದು ಸಾಧ್ಯವೂ ಇಲ್ಲ. ಅದು ಕನ್ನಡದ್ದಾಗಿದೆ, ನಿಘಂಟಿನಲ್ಲಿ ಅದರ ಎರಡು ಅರ್ಥಗಳೂ, ಅಂದರೆ ಮೇಲಧಿಕಾರಿ ಎಂಬುದೂ ಸಮಾನನ ಸಂಬೋಧನೆ ಎಂಬುದೂ, ದಾಖಲಾಗಬೇಕು. ಆದರೆ ಹಕ್ಕಿನ ಮಾತು ಬರುವಲ್ಲಿ, ಎಂದರೆ ಕರಾರಿನಲ್ಲಿ, ಅರ್ಜಿಯಲ್ಲಿ, ಕಾರ್ಮಿಕ ಸಂಘದ ಕರಪತ್ರದಲ್ಲಿ, ಪತ್ರಿಕೆಯ ವರದಿಯಲ್ಲಿ, ಈ ಸಲಿಗೆಯ ಪದ ಸಾಲದು. ಬಾಸಿನ ಮೇಲೆ ಮುನಿಸಿಕೊಳ್ಳಬಹುದು, ಮೊಕದ್ದಮೆ ಹೂಡಲಾಗದು. ಮೊಕದ್ದಮೆಗೆ ಮಾಲೀಕ ಬೇಕು, ನಿಯೋಜಕ ಬೇಕು, ಗುತ್ತಿಗೆದಾರ ಬೇಕು. ಈ ಪದಗಳನ್ನು ಖಚಿತವಾಗಿ ಬಳಸುವ ಕನ್ನಡವನ್ನು ಉಳಿಸಿಕೊಳ್ಳುವುದು ಪರಿಶುದ್ಧತೆಯ ಹಟವಲ್ಲ, ನ್ಯಾಯದ ಅಗತ್ಯ.

ಹೊರನಾಡಿನ ಕನ್ನಡ ವಿಭಾಗಗಳಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಮುಂಬಯಿಯ ಗಿರಣಿಗಳಲ್ಲಿ ‘ಜಾಬರ್’ ಎಂಬುವನು ಕೂಲಿಗಳನ್ನು ಕರೆತಂದು ದುಡಿಸುತ್ತಿದ್ದ ಕಾಲದಿಂದ ಹೋಟೆಲುಗಳ ಧಣಿ, ಸೇಠ್‌ಗಳವರೆಗೆ ದುಡಿಮೆಯ ಎಷ್ಟೋ ಪದಗಳು ಇಲ್ಲಿಯ ಕನ್ನಡ, ತುಳು ಮಾತುಗಳಲ್ಲಿ ಸೇರಿವೆ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ದುಡಿದ ತಲೆಮಾರು ತೆರೆಮರೆಗೆ ಸರಿಯುತ್ತಿದೆ. ಅವರು ತಮ್ಮ ಮೇಲಿನವರನ್ನೂ ತಮ್ಮ ಜೊತೆಯವರನ್ನೂ ಏನೆಂದು ಕರೆಯುತ್ತಿದ್ದರು ಎಂಬುದನ್ನು ದಾಖಲಿಸುವ ಕ್ಷೇತ್ರಕಾರ್ಯವನ್ನು ಈಗ ಮಾಡದಿದ್ದರೆ ಮುಂದೆ ಮಾಡಲು ಯಾರೂ ಉಳಿದಿರುವುದಿಲ್ಲ. ಶಾಸನದ ಒಂದು ಪದಕ್ಕಾಗಿ ವರ್ಷಗಟ್ಟಲೆ ಶ್ರಮಿಸುವ ವಿದ್ವತ್ತು ಕಾರ್ಖಾನೆಯ ಒಂದು ಪದಕ್ಕೆ ಒಂದು ಸಂಜೆಯನ್ನಾದರೂ ಕೊಡಬೇಕು. ಜೋಳವಾಳಿಯಷ್ಟೇ ‘ಬಾಸ್’ ಕೂಡ ಕನ್ನಡಿಗರು ಅನ್ನಕ್ಕಾಗಿ ಯಾರ ಮುಂದೆ ಹೇಗೆ ನಿಂತರು ಎಂಬುದಕ್ಕೆ ಸಾಕ್ಷಿ.